ಪಾಠ 14: ಪೆರೋಲ್ ಕೊಡಲ್ಲ ಅಂದರೆ ಮುಂದೇನು?

ಅಕ್ಕಂದಿರೇ, ಮೊನ್ನೆ ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಒಂದು ಕಾಗದ ತಂದರು. ಅದು ಜೈಲಿನಿಂದ ಬಂದ ಕಾಗದ. ಅವರ ಗಂಡನಿಗೆ ಜೀವಾವಧಿ ಶಿಕ್ಷೆ ಆಗಿದೆ. ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆದಿದೆ. ಮಗನ ಮುಖ ನೋಡಬೇಕು ಅಂತ ದಿನಾ ಹಂಬಲಿಸುತ್ತಾರೆ. ಅದಕ್ಕೇ ಪೆರೋಲ್ ಕೇಳಿ ಅರ್ಜಿ ಹಾಕಿದ್ದರು.

ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಅರ್ಜಿಯನ್ನು ತಿರಸ್ಕರಿಸಲಾಗಿದೆ."

"ಹಂಗಂದ್ರೇನು ಟೀಚರ್?"

"ಆಗಲ್ಲ ಅಂದಿದ್ದಾರೆ ಅಕ್ಕಾ" ಎಂದೆವು.

"ಮುಗೀತು ಬಿಡಿ" ಅಂತ ಅವರು ಕಾಗದ ಮಡಚಿದರು.

ಮುಗಿಯಿತೇ? ಇಲ್ಲ. ಹೇಗೆ ಎಂದು ತಿಳಿಯೋಣ.

ಪೆರೋಲ್ ಅಂದರೇನು?

ಜೀವಾವಧಿ ಅಂದರೆ ಹದಿನಾಲ್ಕು ವರ್ಷ ಅಂತ ಹಲವರು ತಿಳಿದಿದ್ದಾರೆ. ಅದು ತಪ್ಪು. ಬದುಕಿರುವವರೆಗೆ ಎಂದೇ ಅದರ ಅರ್ಥ. ಸರ್ಕಾರ ಶಿಕ್ಷೆ ಕಡಿಮೆ ಮಾಡಿದರೆ ಮಾತ್ರ ಮೊದಲೇ ಬಿಡುಗಡೆ.

ಪೆರೋಲ್ ಬಿಡುಗಡೆ ಅಲ್ಲ. ಕೆಲವು ದಿನ ಮನೆಗೆ ಹೋಗಿ ಬರಲು ಕೊಡುವ ಅನುಮತಿ. ಹೇಳಿದ ದಿನ ತಪ್ಪದೆ ಜೈಲಿಗೆ ಮರಳಬೇಕು. ಕೈದಿಗೂ ಮನೆಯವರ ನಂಟು ಉಳಿಯಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಆದರೆ ಕೇಳಿದವರಿಗೆಲ್ಲ ಪೆರೋಲ್ ಸಿಗುವುದಿಲ್ಲ. ಪೊಲೀಸರು ವರದಿ ಕೊಡುತ್ತಾರೆ. ನೊಂದವರ ಮನೆಯವರಿಗೂ ಭಯ ಇರುತ್ತದೆ. ಅದನ್ನೂ ನೋಡಬೇಕು.

ಹೈಕೋರ್ಟ್ ಏನು ನೋಡುತ್ತದೆ?

ಅಧಿಕಾರಿಗಳು ಇಲ್ಲ ಅಂದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಸಂವಿಧಾನದ 226ನೇ ವಿಧಿ ಈ ದಾರಿ ಕೊಟ್ಟಿದೆ. ನಮ್ಮ ಹೈಕೋರ್ಟ್ ಬೆಂಗಳೂರು, ಧಾರವಾಡ, ಕಲಬುರಗಿಯಲ್ಲಿ ನಡೆಯುತ್ತದೆ.

ಅಲ್ಲಿ ಕೊಲೆ ಕೇಸನ್ನು ಮತ್ತೆ ವಿಚಾರಿಸುವುದಿಲ್ಲ. ಅಧಿಕಾರಿಗಳು ಸರಿಯಾಗಿ ಯೋಚಿಸಿದರೇ ಎಂದಷ್ಟೇ ನೋಡುತ್ತಾರೆ. ಕಾರಣ ಬರೆದಿದ್ದಾರೆಯೇ? ಆ ಕಾರಣಕ್ಕೆ ಆಧಾರ ಇದೆಯೇ? ನಿಯಮ ಪಾಲಿಸಿದ್ದಾರೆಯೇ? ತಪ್ಪು ಕಂಡರೆ ಆದೇಶವನ್ನು ರದ್ದು ಮಾಡಬಹುದು. ಮತ್ತೆ ಪರಿಶೀಲಿಸಿ ಎನ್ನಬಹುದು. ಕೆಲವು ಸಲ ಪೆರೋಲ್ ಕೊಡಿ ಎಂದೇ ಹೇಳಬಹುದು.

2024ರಲ್ಲಿ ಹೀಗೇ ಆಯಿತು. ಒಬ್ಬ ಜೀವಾವಧಿ ಕೈದಿ ಬೇಸಾಯ ಮಾಡಲು ಪೆರೋಲ್ ಕೇಳಿದ್ದರು. ಅಧಿಕಾರಿಗಳು ಆಗಲ್ಲ ಅಂದರು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಕೋರ್ಟ್ 90 ದಿನ ಪೆರೋಲ್ ಕೊಟ್ಟಿತು. ಷರತ್ತುಗಳನ್ನೂ ಹಾಕಿತು.

ವಕೀಲರಿಗೆ ಹಣ?

ಹಣ ಇಲ್ಲ ಅಂತ ಕೈಚೆಲ್ಲಬೇಡಿ. 1987ರ ಕಾನೂನಿನಂತೆ ಹೆಂಗಸರಿಗೂ ಜೈಲಿನಲ್ಲಿರುವವರಿಗೂ ಉಚಿತವಾಗಿ ವಕೀಲರು ಸಿಗುತ್ತಾರೆ. ಆದಾಯ ಎಷ್ಟಿದ್ದರೂ ಸರಿ. ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. 15100ಕ್ಕೆ ಫೋನ್ ಕೂಡ ಮಾಡಬಹುದು.

ಇಷ್ಟು ಕೇಳಿ ಆ ಅಕ್ಕ ಮಡಚಿದ ಕಾಗದ ಬಿಚ್ಚಿದರು. ಅದರ ಮೇಲಿನ ತಾರೀಖನ್ನು ತಾವೇ ಓದಿದರು. ಕಾರಣ ಬರೆದ ಸಾಲನ್ನು ಬೆರಳಿಟ್ಟು ಹುಡುಕಿದರು. ಮರುದಿನ ನಾವು ಅವರ ಜೊತೆ ಜಿಲ್ಲಾ ಕೋರ್ಟಿಗೆ ಹೊರಟೆವು. ಗೆಲ್ಲುತ್ತಾರೋ ಇಲ್ಲವೋ, ಕೋರ್ಟ್ ಹೇಳಬೇಕು. ಕೇಳುವ ಹಕ್ಕಂತೂ ಇದೆ.

ನೆನಪಿಡಿ: ಇಲ್ಲ ಎಂದು ಬಂದ ಕಾಗದವನ್ನು ಹರಿಯಬೇಡಿ. ಕೋರ್ಟಿಗೆ ಅದೇ ಬೇಕು.

ಓದಿ, ಉತ್ತರ ಹೇಳಿ
1. ಪೆರೋಲಿಗೂ ಬಿಡುಗಡೆಗೂ ಏನು ವ್ಯತ್ಯಾಸ?
2. ಹೈಕೋರ್ಟ್ ಯಾವ ಮೂರು ವಿಷಯ ನೋಡುತ್ತದೆ?
3. ಉಚಿತ ವಕೀಲರು ಬೇಕಾದರೆ ಎಲ್ಲಿಗೆ ಹೋಗಬೇಕು?

ಬರೆಯಿರಿ: ಅರ್ಜಿ, ಆದೇಶ, ಕಾರಣ, ತಾರೀಖು