ಮಿಲಿಟರಿ ಲಾರಿಯ ಮೇಲಿನ ಹಳದಿ ಬಿಲ್ಲೆ

ಪ್ರಶ್ನೆ: ಕೂಡ್ಲಿಗಿ ಹತ್ತಿರ ಹೆದ್ದಾರಿಯಲ್ಲಿ ಮಿಲಿಟರಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಮುಂಭಾಗದಲ್ಲಿ ದುಂಡನೆಯ ಹಳದಿ ಬಿಲ್ಲೆ, ಅದರೊಳಗೆ ಕಪ್ಪು ಅಂಕಿ. ಅದು ರೆಜಿಮೆಂಟಿನ ನಂಬರೋ, ಗಾಡಿಯ ತೂಕವೋ?
– ಓದುಗರೊಬ್ಬರು, ತಂಬ್ರಹಳ್ಳಿ

ಉತ್ತರ: ಎರಡೂ ಅಲ್ಲ. ಅದು ಸೇತುವೆ ದಾಟಲು ಗಾಡಿಗೆ ಕೊಟ್ಟ ವರ್ಗ. ಸೈನ್ಯದ ಸೇತುವೆಯ ಬಾಯಲ್ಲೂ ಇಂಥದೇ ಹಳದಿ ಫಲಕ ಇರುತ್ತದೆ. ಗಾಡಿಯ ಅಂಕಿ ಫಲಕದ ಅಂಕಿಗಿಂತ ಹೆಚ್ಚಿದ್ದರೆ ದಾಟುವಂತಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲಿ ಈ ಪದ್ಧತಿ ಬಳಕೆಯಲ್ಲಿತ್ತು. ನದಿ ದಂಡೆಯಲ್ಲಿ ಚಾಲಕ ಯಾರನ್ನೂ ಕೇಳದೆ ಎರಡು ಅಂಕಿ ಹೋಲಿಸಿದರೆ ಸಾಕು.

ಟನ್ ಲೆಕ್ಕವನ್ನೇ ಬರೆಯಬಹುದಿತ್ತಲ್ಲ ಎನ್ನಬಹುದು. ಆದರೆ ಸೇತುವೆಗೆ ಒಟ್ಟು ತೂಕದಷ್ಟೇ ಮುಖ್ಯವಾದದ್ದು ಆ ತೂಕ ಎಷ್ಟು ಉದ್ದಕ್ಕೆ ಹರಡಿದೆ ಎನ್ನುವುದು. ಆರು ಮೀಟರ್ ಅಗಲದ ಹಳ್ಳದ ಸೇತುವೆಯ ಮೇಲೆ ಉದ್ದನೆಯ ಟ್ರೇಲರ್ ಪೂರ್ತಿ ಹಿಡಿಸುವುದೇ ಇಲ್ಲ. ಒಂದೋ ಎರಡೋ ಆಕ್ಸಲ್ ಮಾತ್ರ ಅದರ ಮೇಲಿರುತ್ತವೆ. ಅಲ್ಲಿ ಆಕ್ಸಲ್ ಭಾರವೇ ನಿರ್ಣಾಯಕ. ತುಂಗಭದ್ರೆಯಂಥ ನದಿಯ ಮೇಲಿನ ಉದ್ದ ಅಂಕಣದಲ್ಲಿ ಇಡೀ ಗಾಡಿ ನಿಲ್ಲುವುದರಿಂದ ಒಟ್ಟು ತೂಕ ಲೆಕ್ಕಕ್ಕೆ ಬರುತ್ತದೆ. ನೇಟೊ ಪದ್ಧತಿಯಲ್ಲಿ 70ನೇ ವರ್ಗದ ಮಾದರಿ ಟ್ಯಾಂಕ್ ಸುಮಾರು 63.5 ಟನ್ ಇದ್ದರೆ, ಅದೇ ವರ್ಗದ ಚಕ್ರದ ಮಾದರಿ ಗಾಡಿ ಸುಮಾರು 73 ಟನ್. ಚಕ್ರದ ಗಾಡಿ ಉದ್ದವಾಗಿರುವುದರಿಂದ ಹೆಚ್ಚು ಹೊತ್ತರೂ ಅದೇ ಅಂಕಿ. ಬಿಇಎಂಎಲ್ ತಯಾರಿಸಿದ, ಲಾರಿ ಮೇಲೆ ಹೊತ್ತೊಯ್ದು ಹಾಸುವ ‘ಸರ್ವತ್ರ’ ಸೇತುವೆಯೂ 70ನೇ ವರ್ಗದ್ದೇ.

ಪ್ರಶ್ನೆ: ಅದಿರು ಲಾರಿ ಓಡಿಸಿದವನು ನಾನು. ನಮ್ಮ ಗಾಡಿಗಳಿಗೆ ಈ ಅಂಕಿ ಯಾಕಿಲ್ಲ? ಹಳೇ ಸೇತುವೆ ದಾಟುವಾಗ ಏನು ನೋಡಬೇಕು?
– ಓದುಗರೊಬ್ಬರು, ಹಗರಿಬೊಮ್ಮನಹಳ್ಳಿ

ಉತ್ತರ: ಗಾಡಿಯ ಮೇಲೆ ಇಲ್ಲ, ಸೇತುವೆಯ ವಿನ್ಯಾಸದಲ್ಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ‘70 ಆರ್’ ಎಂಬ ಭಾರದ ಮಾದರಿ ಸೈನ್ಯದ ಗಾಡಿಗಳ ಲೆಕ್ಕದಿಂದಲೇ ಬಂದದ್ದು. ಆದರೆ ಹಳೇ ಕಿರುಸೇತುವೆಗಳೆಲ್ಲ ಅಷ್ಟಕ್ಕೆ ಕಟ್ಟಿದವಲ್ಲ. 2018ರಲ್ಲಿ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 16.2 ಟನ್‌ನಿಂದ 18.5ಕ್ಕೆ, ಹತ್ತು ಚಕ್ರದ್ದು 25ರಿಂದ 28.5ಕ್ಕೆ ಏರಿತು. ಕಾಗದದ ಮೇಲೆ ಮಿತಿ ಏರಿತೇ ಹೊರತು ಕಲ್ಲು-ಕಾಂಕ್ರೀಟಿಗೆ ಬಲ ಬರಲಿಲ್ಲ. ಇದು ನನ್ನನ್ನು ನಿಜವಾಗಿಯೂ ಚಿಂತೆಗೀಡುಮಾಡುತ್ತದೆ. ಬಳ್ಳಾರಿ ಸೀಮೆಯಲ್ಲಿ ಅದಿರಿನ ಓವರ್‌ಲೋಡ್ ಎಂಥ ಪಿಡುಗಾಗಿತ್ತೆಂದು 2011ರ ಲೋಕಾಯುಕ್ತ ವರದಿಯೇ ಹೇಳಿದೆ. ಓಡಿಸಿದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸೇತುವೆಗೆ ಮುಂಚೆ ಕೆಂಪು ಅಂಚಿನ ದುಂಡು ಫಲಕದಲ್ಲಿ ಟನ್ ಬರೆದಿದ್ದರೆ ಅದೇ ನಿಮ್ಮ ಮಿತಿ. ಅದನ್ನು ಹೋಲಿಸಬೇಕಾದದ್ದು ಸರಕಿನ ತೂಕದ ಜೊತೆ ಅಲ್ಲ, ವೇಬ್ರಿಡ್ಜ್ ಚೀಟಿಯಲ್ಲಿರುವ ಒಟ್ಟು ತೂಕದ ಜೊತೆ. ಸಣ್ಣ ಫಲಕವೊಂದು ಆಕ್ಸಲ್ ಭಾರವನ್ನೇ ಬೇರೆಯಾಗಿ ತೋರಿಸುವುದೂ ಉಂಟು; ಸರಕನ್ನೆಲ್ಲ ಹಿಂದಕ್ಕೆ ಸುರಿದಿದ್ದರೆ ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುತ್ತದೆ.

ವರ್ಗ ಮೀರಿದ ಗಾಡಿಯನ್ನು ದಾಟಿಸಲೇಬೇಕಾದರೆ ಸೈನ್ಯದಲ್ಲಿ ವಿಶೇಷ ಅಪ್ಪಣೆ ಬೇಕು. ಆಗಲೂ ಸೇತುವೆ ಮೇಲೆ ಒಂದೇ ಗಾಡಿ, ನಟ್ಟನಡುವೆ, ನಿಧಾನವಾಗಿ. ನಿಲ್ಲಿಸುವಂತಿಲ್ಲ, ಬ್ರೇಕ್ ಹಾಕುವಂತಿಲ್ಲ, ಗೇರ್ ಬದಲಿಸುವಂತಿಲ್ಲ. ಓವರ್‌ಲೋಡ್ ಲಾರಿಗೆ ಇದು ಅನುಮತಿಯಲ್ಲ. ಮಿತಿಯೊಳಗಿನ ಲಾರಿ ಹಳೇ ಸೇತುವೆ ದಾಟುವಾಗ ಮಾತ್ರ ಈ ಕ್ರಮ ಪಾಲಿಸಿ, ಎದುರಿನ ಗಾಡಿ ಪೂರ್ತಿ ಇಳಿದ ಮೇಲೆ ಹತ್ತಿಸಿ.