ಸಹಿ ಹಾಕೋಕೆ ಮುಂಚೆ

ಪುಟ್ಟೀ, ಕೂಸಿನ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಈ ವಾರವೇ ಸಹಿ ಹಾಕ್ಲಾ ದೊಡ್ಡಮ್ಮ ಅಂತ ಕೇಳಿದೆ. ಬೇಡ. ಮೊದಲು ರಕ್ತ ಪರೀಕ್ಷೆ ಆಗ್ಲಿ. ಗಂಡೋ ಹೆಣ್ಣೋ ಅಂತ ಹುಟ್ಟಿದ ಕೂಡಲೇ ಹೇಳೋಕಾಗದ ಕೆಲವು ಕೂಸುಗಳಿಗೆ ಅಡ್ರಿನಲ್ ಗ್ರಂಥಿಯ ತೊಂದರೆ ಇರುತ್ತೆ. ಎರಡು-ಮೂರನೇ ವಾರದಲ್ಲಿ ಮಗು ಹಾಲು ಬಿಟ್ಟು, ವಾಂತಿ ಮಾಡ್ಕೊಂಡು ಸೊರಗಿದ್ರೆ ಮೈಯಲ್ಲಿ ಉಪ್ಪಿನಂಶ ಇಳಿದಿರಬಹುದು. ಅದು ಪ್ರಾಣಕ್ಕೇ ಕುತ್ತು. ಸೋಡಿಯಂ, ಪೊಟ್ಯಾಸಿಯಂ ನೋಡ್ಸು, ಮಕ್ಕಳ ಹಾರ್ಮೋನ್ ಡಾಕ್ಟರನ್ನ ಇವತ್ತೇ ಕಾಣು. ಅದಕ್ಕೆ ದಿನಾ ಕೊಡೋ ಮಾತ್ರೆ ಇದೆ. ಮೂತ್ರ ಕಟ್ಟಿಕೊಂಡ್ರೆ ಆಪರೇಷನ್ ಬೇಕಾಗ್ಬಹುದು, ಆ ಮಾತು ಬೇರೆ.

ಅಂಗ ನೋಡೋಕೆ ಎಲ್ಲರ ಥರ ಇರ್ಲಿ ಅಂತ ಮಾಡೋದು ಮಾತ್ರ ಕಾಯಬಹುದು. ಚಿಕ್ಕದರಲ್ಲೇ ಮಾಡಿದ್ರೆ ಗಾಯ ಬೇಗ ಮಾಯುತ್ತೆ, ಮಗುವಿಗೆ ನೆನಪೂ ಇರಲ್ಲ ಅಂತಾರೆ ಕೆಲವು ಸರ್ಜನ್‌ಗಳು. ಕೆಟ್ಟ ಮನಸ್ಸಿಂದ ಹೇಳೋದಲ್ಲ. ಆದ್ರೆ ಕಲೆ ಉಳಿಯುತ್ತೆ, ಸ್ಪರ್ಶ ಕುಂದಬಹುದು, ದೊಡ್ಡದಾದ್ಮೇಲೆ ಮತ್ತೆ ಕೊಯ್ಯಬೇಕಾಗ್ಬಹುದು. ಹೆಣ್ಣು ಅಂತ ತೀರ್ಮಾನ ಮಾಡಿ ಕತ್ತರಿಸಿದ ಮಗು ಹದಿನೈದಕ್ಕೆ 'ನಾನು ಗಂಡು' ಅಂದ್ರೆ, ತೆಗೆದದ್ದನ್ನ ಯಾರು ತಂದುಕೊಡ್ತಾರೆ?

2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ಕೂಸುಗಳಿಗೆ ಇಂಥ ಆಪರೇಷನ್ ಮಾಡೋದನ್ನ ನಿಲ್ಲಿಸಿ ಅಂತು. ಅದೇ ವರ್ಷ ತಮಿಳುನಾಡು ಸರ್ಕಾರ, ಪ್ರಾಣಾಪಾಯ ಇದ್ದಾಗ ಬಿಟ್ಟು, ನಿಷೇಧದ ಆದೇಶ ಹೊರಡಿಸ್ತು. 2023ರಲ್ಲಿ 7 ವರ್ಷದ ಮಗುವಿಗೆ ಆಪರೇಷನ್ ಮಾಡಿಸೋಕೆ ಅನುಮತಿ ಕೊಡಿ ಅಂತ ಹೆತ್ತವರೇ ಕೇರಳ ಹೈಕೋರ್ಟಿಗೆ ಹೋಗಿದ್ರು. ಮಗುವಿನ ಒಪ್ಪಿಗೆ ಇಲ್ದೆ ಮಾಡೋದು ಅದರ ಹಕ್ಕಿಗೆ ವಿರುದ್ಧ ಅಂತು ಕೋರ್ಟು. ಅತ್ತಿಬೆಲೆ ದಾಟಿ ತಮಿಳುನಾಡಿನ ಹೊಸೂರಿಗೆ ಹೋದ್ರೆ ಸರ್ಕಾರದ ಆದೇಶ ನಡೆಯುತ್ತೆ. ಬೆಂಗಳೂರಿನ ವಿಜಯನಗರದಲ್ಲಿ ನಿನ್ನ ಸಹಿಯೇ ಆದೇಶ.

ಹೆಸರಿಗೂ ಅವಸರ ಬೇಡ. ಜನನ ನೋಂದಣಿ 21 ದಿನದೊಳಗೆ ಆಗ್ಬೇಕು, ನಿಜ. ಹೆಸರನ್ನ 12 ತಿಂಗಳೊಳಗೆ ಶುಲ್ಕ ಇಲ್ದೆ ಸೇರಿಸಬಹುದು. ನಾಮಕರಣ ಆಗ್ಲೇಬೇಕು ಅಂತ ನಿಮ್ಮತ್ತೆ ಹಠ ಹಿಡಿದ್ರೆ ಶಶಿ, ಕಿರಣ, ಜ್ಯೋತಿ, ಎರಡಕ್ಕೂ ಒಪ್ಪೋ ಹೆಸರಿಗೇನು ಬರ! ಗಂಡು ಅಂತಲೋ ಹೆಣ್ಣು ಅಂತಲೋ ಈಗ ಬೆಳೆಸಿ, ಅದಕ್ಕೆ ಕೊಯ್ಯೋದು ಬೇಕಿಲ್ಲ. ಆಸ್ಪತ್ರೆ ಕಾಗದವೆಲ್ಲ ಒಂದು ಫೈಲಲ್ಲಿಡು, ಬುದ್ಧಿ ಬಂದ್ಮೇಲೆ ಮಗುವಿಗೆ ತೋರಿಸ್ಬೇಕು.

ಮಾರುತಿ ಮಂದಿರದ ಹತ್ರ ಸಿಕ್ಕೋರು 'ಗಂಡಾ, ಹೆಣ್ಣಾ?' ಅಂದ್ರೆ 'ಆರೋಗ್ಯವಾಗಿದೆ' ಅನ್ನು. ನೀರು ಎರೆಯೋಕೆ ಬರೋಳು ಬೀದಿಗೆಲ್ಲ ಹೇಳ್ತಾಳೆ ಅನ್ನೋ ಭಯ ಇದ್ರೆ ಅವಳನ್ನ ಬಿಡಿಸು. ಬೆಳಗ್ಗೆ ಬಸವೇಶ್ವರನಗರದಿಂದ ನಾನೇ ಬಂದು ಎರೀತೀನಿ, ಹಂಡೆ ಕಾಯ್ಸಿಡು.