ನೆಟ್‌ವರ್ಕ್ ಡ್ರೈವಿನಲ್ಲಿಟ್ಟ ಡಿಸ್ಕ್ ಇಮೇಜ್ ತೆರೆಯದಿದ್ದಾಗ

ಸದಸ್ಯ ಬಂಧುಗಳಲ್ಲಿ ಅನೇಕರು ಈಗ ತೋಟದ ಖರ್ಚು, ಕೂಲಿ ಪಟ್ಟಿ, ಕಾಫಿ ಮತ್ತು ಅಡಿಕೆ ಮಾರಾಟದ ವಿವರಗಳನ್ನು ಕಂಪ್ಯೂಟರಿನಲ್ಲಿಯೇ ಇಡುತ್ತಿದ್ದಾರೆ. ಅದರ ಬ್ಯಾಕಪ್ಪನ್ನು ರೌಟರಿಗೆ ಜೋಡಿಸಿದ ನೆಟ್‌ವರ್ಕ್ ಡ್ರೈವಿನಲ್ಲಿ ತೆಗೆದಿಟ್ಟು ನಿಶ್ಚಿಂತರಾಗಿರುವವರೂ ಉಂಟು. ಸಂಘದ ಕಛೇರಿಯಲ್ಲಿ ನಾವೂ ಹಾಗೆಯೇ ನಿಶ್ಚಿಂತರಾಗಿದ್ದೆವು. 2025ರ ಏಪ್ರಿಲ್ ತಿಂಗಳ ಒಂದು ಸಂಜೆ ಬಿದ್ದ ಸಿಡಿಲಿಗೆ ಕಛೇರಿಯ ಕಂಪ್ಯೂಟರೂ ರೌಟರೂ ಸುಟ್ಟುಹೋದವು. ಬ್ಯಾಕಪ್ ಡ್ರೈವ್ ಮಾತ್ರ ಉಳಿಯಿತು. ಆದರೆ ಹೊಸ ಕಂಪ್ಯೂಟರ್ ತಂದು ಜೋಡಿಸಿದಾಗ ಅದರಲ್ಲಿದ್ದ ಡಿಸ್ಕ್ ಇಮೇಜ್ ತೆರೆಯಲೇ ಇಲ್ಲ. ಸದಸ್ಯರ ಠೇವಣಿ, ಮುಂಗಡ, ಅಡಿಕೆಯ ತೂಕ ಎಲ್ಲವೂ ಅದರೊಳಗೆ. ಲೆಕ್ಕ ಪರಿಶೋಧನೆಯ ದಿನವೋ ಹತ್ತಿರ. ಆಗ ನಾವು ಕಲಿತ ಪಾಠವನ್ನು ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಯಂತ್ರ ಬಿಟ್ಟು ಹೊಸದಕ್ಕೆ ಬರುವವರಿಗೆಲ್ಲ ಇದು ಎದುರಾಗಬಹುದಾದ ತೊಂದರೆಯೇ.

ಡಿಸ್ಕ್ ಇಮೇಜ್ ಎಂದರೇನು?

ಕಂಪ್ಯೂಟರಿನ ಇಡೀ ಡಿಸ್ಕನ್ನು ಒಂದೇ ಫೈಲಿನೊಳಗೆ ಪಡಿಯಚ್ಚಿನಂತೆ ತುಂಬಿಟ್ಟರೆ ಅದೇ ಡಿಸ್ಕ್ ಇಮೇಜ್. ಸಿಪ್ಪೆ ಅಡಿಕೆಯಂತೆ ಇದಕ್ಕೆ ಒಳಗೊಂದು, ಹೊರಗೊಂದು. ಹೊರಗಿನ ಸಿಪ್ಪೆ ನೆಟ್‌ವರ್ಕ್ ಡ್ರೈವಿನಲ್ಲಿ ಕಾಣುವ ಫೈಲು. ಒಳಗಿನ ಗೋಟು ನಮ್ಮ ಲೆಕ್ಕದ ಕಡತಗಳು. ತೆರೆಯದಿದ್ದಾಗ ದೋಷ ಮೂರು ಕಡೆ ಇರಬಹುದು: ಡ್ರೈವಿಗೆ ಹೋಗುವ ದಾರಿಯಲ್ಲಿ, ಸಿಪ್ಪೆಯಲ್ಲಿ, ಇಲ್ಲವೆ ಗೋಟಿನಲ್ಲಿ. ಈ ಕ್ರಮದಲ್ಲಿಯೇ ಪರೀಕ್ಷಿಸಬೇಕು. ಗೋಟು ಕೊಳೆತಿದೆಯೆಂದು ಮೊದಲೇ ತೀರ್ಮಾನಿಸಬಾರದು.

ಮೊದಲು ಮಾಡಬಾರದ ಕೆಲಸಗಳು

ವಿಂಡೋಸ್‌ನ ಸಿಸ್ಟಮ್ ಇಮೇಜ್ ವ್ಯವಸ್ಥೆಯು ನೆಟ್‌ವರ್ಕ್ ಡ್ರೈವಿನಲ್ಲಿ ಒಂದು ಕಂಪ್ಯೂಟರಿಗೆ ಕೊನೆಯ ಒಂದೇ ಇಮೇಜನ್ನು ಉಳಿಸುತ್ತದೆ. ಹೊಸದು ಬಂದರೆ ಹಳೆಯದು ಅಳಿಯುತ್ತದೆ. ಆದ್ದರಿಂದ ತನ್ನಷ್ಟಕ್ಕೆ ನಡೆಯುವ ಬ್ಯಾಕಪ್ಪನ್ನು ಕೂಡಲೇ ನಿಲ್ಲಿಸಬೇಕು. ಡಿಸ್ಕನ್ನು ‘ಇನಿಷಿಯಲೈಸ್’ ಮಾಡಲೇ, ‘ಫಾರ್ಮ್ಯಾಟ್’ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಎಂದಿಗೂ ಒಪ್ಪಕೂಡದು. ಮೂಲ ಫೈಲಿನ ಮೇಲೆ ಯಾವ ದುರಸ್ತಿಯನ್ನೂ ಮಾಡತಕ್ಕದ್ದಲ್ಲ.

1. ದಾರಿಯ ಪರೀಕ್ಷೆ

ಅದೇ ಡ್ರೈವಿನಲ್ಲಿರುವ ಬೇರೊಂದು ಚಿಕ್ಕ ಫೈಲನ್ನು ತೆರೆದು ನೋಡಿ. ಅದು ತೆರೆದರೆ ದಾರಿ ಸರಿಯಿದೆ. ಡ್ರೈವೇ ಕಾಣದಿದ್ದರೆ ಇಮೇಜಿನ ತಪ್ಪಲ್ಲ. ಹಳೆಯ ಡ್ರೈವುಗಳು ಎಸ್‌ಎಂಬಿ 1 ಎಂಬ ಹಳೆಯ ಪದ್ಧತಿಯಲ್ಲಿ ಮಾತನಾಡುತ್ತವೆ. 2017ರಿಂದೀಚೆಗೆ ಹೊಸದಾಗಿ ಹಾಕಿದ ವಿಂಡೋಸ್ ಸಾಮಾನ್ಯವಾಗಿ ಇದನ್ನು ಬಳಸುವುದಿಲ್ಲ. 2024ರ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೋ ಮಾದರಿಯು ಹೆಸರು, ಗುಪ್ತಪದ ಇಲ್ಲದೆ ‘ಅತಿಥಿ’ಯಾಗಿ ಪ್ರವೇಶಿಸುವುದನ್ನೂ ತಡೆಯುತ್ತದೆ. ನಮಗೆ ಮೊದಲ ದಿನ ಅಡ್ಡಬಂದದ್ದು ಇದೇ. ಡ್ರೈವಿನ ಒಳವ್ಯವಸ್ಥೆಯಲ್ಲಿ ಒಂದು ಬಳಕೆದಾರ ಹೆಸರು, ಗುಪ್ತಪದ ಸೃಷ್ಟಿಸಿ, ಅದರ ತಂತ್ರಾಂಶವನ್ನು ಹೊಸದಾಗಿಸಿಕೊಂಡರೆ ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ.

2. ನಕಲು ತೆಗೆಯುವುದು

ಇಮೇಜನ್ನು ನೆಟ್‌ವರ್ಕಿನ ಮೇಲೆಯೇ ತೆರೆಯಲು ಹೆಣಗಾಡದೆ, ಅದನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸಿದ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆ ಡಿಸ್ಕ್ ಎನ್‌ಟಿಎಫ್‌ಎಸ್ ಪದ್ಧತಿಯದಾಗಿರಬೇಕು. ಫ್ಯಾಟ್ 32 ಪದ್ಧತಿಯ ಪೆನ್ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದೇ ಇಲ್ಲ.

ನಕಲು ಮಾಡುವಾಗ ವೈಫೈ ಬಿಟ್ಟು ಕೇಬಲ್ ಬಳಸಿ. 100 ಮೆಗಾಬಿಟ್ ಕೇಬಲ್ ಜೋಡಣೆಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12 ಎಂಬಿಯಷ್ಟು ಬರುವುದರಿಂದ 200 ಜಿಬಿ ಇಮೇಜಿಗೆ ಐದು ಗಂಟೆಯ ಹತ್ತಿರ ಬೇಕು. ಅಷ್ಟು ಹೊತ್ತು ಕರೆಂಟು ಹೋಗದಂತೆ ಯುಪಿಎಸ್ ಇರಲಿ. ಮುಗಿದ ಮೇಲೆ ಎರಡೂ ಫೈಲುಗಳ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ. ಸಂಶಯವಿದ್ದರೆ ಇನ್ನೊಮ್ಮೆ ನಕಲು ತೆಗೆದು ಎರಡು ನಕಲುಗಳ ‘ಹ್ಯಾಶ್’ ಸಂಖ್ಯೆಗಳನ್ನು ನೋಡಿ. ಅವು ಬೇರೆಯಾದರೆ ಓದುವುದರಲ್ಲಿಯೋ ಸಾಗಣೆಯಲ್ಲಿಯೋ ದೋಷವಿದೆ. ಒಂದೇ ಆಗಿದ್ದರೆ ಡ್ರೈವಿನಲ್ಲಿರುವುದು ಇದ್ದ ಹಾಗೆಯೇ ಬಂದಿದೆಯೆಂದು ನಂಬಬಹುದು. ನಕಲು ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತರೆ ಡ್ರೈವೇ ಕೆಡುತ್ತಿರುವ ಸೂಚನೆ. ಆಗ ಮತ್ತೆ ಮತ್ತೆ ಪ್ರಯತ್ನಿಸದೆ ತಿಳಿದವರ ಕೈಗೆ ಕೊಡುವುದು ಲೇಸು.

3. ಸಿಪ್ಪೆಯ ಗುಣ

ಇಮೇಜ್ ಫೈಲು ಸಂಕುಚಿತವಾಗಿರಬಾರದು, ಗೂಢಲಿಪಿಯಲ್ಲಿರಬಾರದು, ‘ಸ್ಪಾರ್ಸ್’ ಎಂದರೆ ಖಾಲಿ ಜಾಗಗಳನ್ನು ಬರೆಯದೆ ಬಿಟ್ಟದ್ದಾಗಿರಬಾರದು. ಈ ಮೂರರಲ್ಲಿ ಒಂದಿದ್ದರೂ ವಿಂಡೋಸ್ ಅದನ್ನು ತೆರೆಯಲು ನಿರಾಕರಿಸುತ್ತದೆ. ಕೆಲವೊಮ್ಮೆ ಫೈಲು ಕೆಟ್ಟಿದೆಯೆಂದೇ ಹೇಳಿಬಿಡುತ್ತದೆ. ಕೆಲವು ನೆಟ್‌ವರ್ಕ್ ಡ್ರೈವುಗಳು ಒಳ್ಳೆಯ ಫೈಲನ್ನೂ ಸ್ಪಾರ್ಸ್ ಎಂದು ತೋರಿಸುವುದುಂಟು. ನೇರ ಡಿಸ್ಕಿಗೆ ಬಂದ ನಕಲಿನಲ್ಲಿ ಸಾಮಾನ್ಯವಾಗಿ ಈ ದೋಷ ಉಳಿಯುವುದಿಲ್ಲ. ನಮ್ಮ ‘ಕೆಟ್ಟ’ ಇಮೇಜ್ ಹೀಗೆ ನಕಲಾದ ಮೇಲೆ ಯಾವ ತಕರಾರೂ ಇಲ್ಲದೆ ತೆರೆಯಿತು.

4. ಗೋಟಿನ ಪರೀಕ್ಷೆ

ವಿಂಡೋಸ್‌ಇಮೇಜ್‌ಬ್ಯಾಕಪ್ ಎಂಬ ಫೋಲ್ಡರಿನಲ್ಲಿ ಒಂದಕ್ಕಿಂತ ಹೆಚ್ಚು ಇಮೇಜುಗಳಿರುತ್ತವೆ. ಚಿಕ್ಕವು ಕಂಪ್ಯೂಟರ್ ಆರಂಭವಾಗಲು ಬೇಕಾದ ಭಾಗಗಳು. ನಮ್ಮ ಕಡತಗಳಿರುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದರಲ್ಲಿ. ಚಿಕ್ಕದನ್ನು ತೆರೆದು ‘ಏನೂ ಇಲ್ಲ’ ಎಂದು ಕೈಚೆಲ್ಲಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಅಟ್ಯಾಚ್ ವಿಎಚ್‌ಡಿ’ ಆರಿಸಿ, ‘ರೀಡ್ ಓನ್ಲಿ’ ಗುರುತು ಹಾಕಿ ತೆರೆಯಿರಿ. ತೆರೆದರೂ ಕಾಣಿಸದಿದ್ದರೆ ಅದಕ್ಕೆ ಡ್ರೈವ್ ಅಕ್ಷರ ಸಿಕ್ಕಿರಲಾರದು. ಒಂದನ್ನು ಕೊಟ್ಟರೆ ಕಾಣುತ್ತದೆ. ಒಳಗಿನ ವ್ಯವಸ್ಥೆಯೇ ಕೆಟ್ಟಿದ್ದರೆ ಎರಡನೆಯ ನಕಲಿನ ಮೇಲೆ ಮಾತ್ರ ‘ಚೆಕ್‌ಡಿಸ್ಕ್’ ನಡೆಸಬಹುದು.

ಮ್ಯಾಕ್ ಕಂಪ್ಯೂಟರ್ ಇರುವ ಮನೆಯವರಿಗೆ ಒಂದು ಮಾತು. ಅದರ ಟೈಮ್ ಮೆಷಿನ್ ನೆಟ್‌ವರ್ಕ್ ಡ್ರೈವಿನಲ್ಲಿ ಬರೆಯುವ ‘ಸ್ಪಾರ್ಸ್‌ಬಂಡಲ್’ ಒಂದೇ ಫೈಲಿನಂತೆ ಕಂಡರೂ ವಾಸ್ತವದಲ್ಲಿ ಅಸಂಖ್ಯ ತುಂಡುಗಳಿರುವ ಫೋಲ್ಡರ್. ಅದರಲ್ಲಿ ಒಂದು ತುಂಡನ್ನೂ ಅತ್ತಿತ್ತ ಮಾಡಬಾರದು. ‘ಸದ್ಯಕ್ಕೆ ಲಭ್ಯವಿಲ್ಲ’ ಎಂಬರ್ಥದ ಸಂದೇಶ ಬಂದರೆ ಸಾಮಾನ್ಯವಾಗಿ ಹಿಂದಿನ ಜೋಡಣೆ ಇನ್ನೂ ಬಿಟ್ಟಿರುವುದಿಲ್ಲ. ಬ್ಯಾಕಪ್ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಡ್ರೈವನ್ನೂ ಕಂಪ್ಯೂಟರನ್ನೂ ಆರಿಸಿ ಹಚ್ಚಿ ನೋಡಬೇಕು.

ನಾವು ಮಾಡಿದ ತಪ್ಪು

ಇಮೇಜ್ ತೆರೆದ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಒಳಗಿನ ಲೆಕ್ಕ ಫೆಬ್ರವರಿ ಮೊದಲ ವಾರಕ್ಕೆ ನಿಂತಿತ್ತು. ಆ ವಾರ ಕಛೇರಿಯಲ್ಲಿ ಬ್ಯಾಕಪ್ಪಿಗೆ ಬಳಸುತ್ತಿದ್ದ ಗುಪ್ತಪದವನ್ನು ಬದಲಾಯಿಸಿದ್ದೆವು. ಬ್ಯಾಕಪ್ ವ್ಯವಸ್ಥೆಗೆ ಹೊಸದನ್ನು ತಿಳಿಸಿರಲಿಲ್ಲ. ಅಂದಿನಿಂದ ಪ್ರತಿ ವಾರವೂ ಎಚ್ಚರಿಕೆ ಬಂದಿತ್ತು, ಅದನ್ನು ಮುಚ್ಚಿ ನಾವು ಕೆಲಸ ಮುಂದುವರಿಸಿದ್ದೆವು. ಹೀಗಾಗಿ ಸುಮಾರು ಹನ್ನೊಂದು ವಾರಗಳ ನಮೂದುಗಳನ್ನು ಕಾರ್ಬನ್ ರಶೀದಿಗಳಿಂದ ಮತ್ತೆ ಬರೆಯಬೇಕಾಯಿತು. ನಮ್ಮಲ್ಲಿ ಸಿಗದ ರಶೀದಿಗಳನ್ನು ಸದಸ್ಯರು ಮನೆಯಿಂದ ತಂದು ತೋರಿಸಿ ನೆರವಾದರು. ದೋಷ ಡ್ರೈವಿನದಲ್ಲ, ಕಛೇರಿಯದು. ಅದನ್ನು ಒಪ್ಪಿಕೊಳ್ಳುತ್ತ, ನೆರವಾದವರಿಗೆಲ್ಲ ಕೃತಜ್ಞತೆ ಸಲ್ಲಿಸುತ್ತೇವೆ.

ಮುಂದಿನ ಎಚ್ಚರಿಕೆ

ಅಡಿಕೆ ಕೊಳ್ಳುವವನು ಚೀಲದ ತೂಕ ಮಾತ್ರ ನೋಡುವುದಿಲ್ಲ. ನಾಲ್ಕು ಅಡಿಕೆ ತೆಗೆದು ಕತ್ತರಿಸಿ ನೋಡುತ್ತಾನೆ. ಬ್ಯಾಕಪ್ಪಿಗೂ ಇದೇ ನಿಯಮ. ಮೂರು ತಿಂಗಳಿಗೊಮ್ಮೆ ಇಮೇಜನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ವಾರದ ಒಂದು ಕಡತವನ್ನು ಓದಿ ನೋಡಿ. ಲೆಕ್ಕದ ಕಡತಗಳನ್ನು ಇಮೇಜಿನ ಹೊರಗೂ ಸಾದಾ ಫೈಲುಗಳಾಗಿ ನಕಲಿಸಿಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಎಂಬ ಸೂತ್ರ ನಮ್ಮಂಥ ಸಿಡಿಲಿನ ಸೀಮೆಗೆ ತುಂಬ ಒಪ್ಪುತ್ತದೆ. ಒಂದು ಡಿಸ್ಕಾದರೂ ಯಾವ ವಯರಿಗೂ ತಾಗದೆ ಕಪಾಟಿನಲ್ಲಿರಲಿ. ಗುಡುಗು ಕೇಳುವ ಮೊದಲೇ, ಮೋಡ ಕವಿಯುತ್ತಿರುವಾಗ, ಪ್ಲಗ್ಗಿನೊಂದಿಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡುವ ಅಭ್ಯಾಸವಿರಲಿ. ರಶೀದಿಗಳನ್ನಂತೂ ವರ್ಷದ ಲೆಕ್ಕ ಪರಿಶೋಧನೆ ಮುಗಿಯುವ ತನಕ ಯಾರೂ ಎಸೆಯಬೇಡಿ.